ಶಿಕಾಗೊ ವಿಶ್ವವಿದ್ಯಾಲಯದ ರೆಗೆನ್‌ಸ್ಟೈನ್ ಗ್ರಂಥಾಲಯ: ಕನ್ನಡ ಪುಸ್ತಕ ಹುಡುಕಿ ಹೋಗುವವರಿಗೆ

ಭಾರತದ ಹೊರಗೆ ಕೂತು ಕನ್ನಡದ ಬಗ್ಗೆ ಗಂಭೀರವಾಗಿ ಕೆಲಸ ಮಾಡುವವರು ಇಂದಲ್ಲ ನಾಳೆ ಶಿಕಾಗೊ ವಿಶ್ವವಿದ್ಯಾಲಯದ ಜೋಸೆಫ್ ರೆಗೆನ್‌ಸ್ಟೈನ್ ಗ್ರಂಥಾಲಯದ ಬಾಗಿಲಿಗೆ ಬಂದೇ ಬರುತ್ತಾರೆ. ವಿದ್ಯಾರ್ಥಿಗಳ ಬಾಯಲ್ಲಿ ಇದು ಬರೀ ‘ರೆಗ್’. ಸಂಗ್ರಹಕ್ಕೆ ಐದರಲ್ಲಿ ಐದು ಅಂಕ ಕೊಡಬಹುದು. ಮೊದಲ ಸಲ ಬಂದವರಿಗೆ ದಾರಿ ತೋರಿಸುವ ವಿಷಯದಲ್ಲಿ ಮೂರರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ. ಕಟ್ಟಡ ತೀರಾ ದೊಡ್ಡದು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕ್ಯಾಟಲಾಗ್‌ನಲ್ಲಿ ಕನ್ನಡ ಬರೆದಿರುವ ರೀತಿ. ಅದು ಗೊತ್ತಿಲ್ಲದಿದ್ದರೆ ಕಪಾಟಿನಲ್ಲಿ ಕೂತಿರುವ ಪುಸ್ತಕವೂ ಪರದೆಯ ಮೇಲೆ ‘ಇಲ್ಲ’ ಎಂದೇ ತೋರುತ್ತದೆ.

ವಿಳಾಸ 1100 ಈಸ್ಟ್ 57ನೇ ರಸ್ತೆ, ಹೈಡ್ ಪಾರ್ಕ್ ಬಡಾವಣೆ. ನಗರದ ಮಧ್ಯಭಾಗದಿಂದ ಮೆಟ್ರಾ ಎಲೆಕ್ಟ್ರಿಕ್ ರೈಲಿನಲ್ಲಿ ಬಂದು 55-56-57ನೇ ರಸ್ತೆಯ ನಿಲ್ದಾಣದಲ್ಲಿ ಇಳಿದರೆ 57ನೇ ರಸ್ತೆಗುಂಟ ಪಶ್ಚಿಮಕ್ಕೆ ಸುಮಾರು ಒಂದು ಕಿಲೋಮೀಟರ್ ನಡಿಗೆ. ವಾಲ್ಟರ್ ನೆಟ್ಶ್ ವಿನ್ಯಾಸ ಮಾಡಿದ ಈ ಕಟ್ಟಡ ತೆರೆದದ್ದು 1970ರಲ್ಲಿ. ಮೈತುಂಬ ಉದ್ದುದ್ದ ಗೀರುಗಳಿರುವ ಸುಣ್ಣಕಲ್ಲು, ಕಿರಿದಾದ ಕಿಟಕಿಗಳು. ಮೊದಲು ಇಲ್ಲಿ ಸ್ಟ್ಯಾಗ್ ಫೀಲ್ಡ್ ಎಂಬ ಕ್ರೀಡಾಂಗಣವಿತ್ತು. ಎನ್ರಿಕೊ ಫರ್ಮಿಯ ತಂಡ 1942ರ ಡಿಸೆಂಬರ್ 2ರಂದು ನಿಯಂತ್ರಿತ ಪರಮಾಣು ಸರಣಿಕ್ರಿಯೆಯನ್ನು ಮೊದಲ ಬಾರಿಗೆ ನಡೆಸಿದ್ದು ಅದರ ಗ್ಯಾಲರಿಯ ಕೆಳಗೆ. ಅದರ ನೆನಪಿಗಾಗಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪ ಎಲ್ಲಿಸ್ ಅವೆನ್ಯೂ ಬದಿಯಲ್ಲಿದೆ. ಆ ಶಿಲ್ಪ ಎದುರಾಯಿತೆಂದರೆ ನೀವು ಗ್ರಂಥಾಲಯದ ಪಶ್ಚಿಮದ ಮಗ್ಗುಲಿಗೆ ಬಂದಿದ್ದೀರಿ. ಬಾಗಿಲಿರುವುದು ದಕ್ಷಿಣಕ್ಕೆ, 57ನೇ ರಸ್ತೆಯ ಕಡೆ.

ಇದು ಯಾರು ಬೇಕಾದರೂ ಒಳಗೆ ಹೋಗಿ ಪತ್ರಿಕೆ ಓದುತ್ತ ಕೂರಬಹುದಾದ ಸಾರ್ವಜನಿಕ ಗ್ರಂಥಾಲಯವಲ್ಲ. ವಿಶ್ವವಿದ್ಯಾಲಯದ ಕಾರ್ಡ್ ಇದ್ದವರು ಅದನ್ನು ತೋರಿಸಿ ನೇರ ಒಳಗೆ ಹೋಗುತ್ತಾರೆ. ಹೊರಗಿನ ಸಂಶೋಧಕರು ಪ್ರವೇಶದ ಹತ್ತಿರವೇ ಇರುವ ಗುರುತುಚೀಟಿ ಮತ್ತು ಸವಲತ್ತುಗಳ ಕಚೇರಿಯಲ್ಲಿ ಪಾಸ್ ಮಾಡಿಸಿಕೊಳ್ಳಬೇಕು. ಪಾಸ್‌ಪೋರ್ಟಿನಂಥ ಫೋಟೊ ಇರುವ ಗುರುತಿನ ದಾಖಲೆ ಇರಲಿ. ಅದರ ಜೊತೆಗೆ ಬೇಕಾದ ಪುಸ್ತಕಗಳ ಹೆಸರು ಮತ್ತು ಕಾಲ್ ನಂಬರ್ (ಪುಸ್ತಕ ಕಪಾಟಿನಲ್ಲಿರುವ ಜಾಗ ತೋರಿಸುವ ಗುರುತುಸಂಖ್ಯೆ) ಬರೆದ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಹೋಗಿ. ‘ಸುಮ್ಮನೆ ನೋಡಬೇಕು’ ಎನ್ನುವುದಕ್ಕೂ ‘ಈ ಎಂಟು ಪುಸ್ತಕ ನೋಡಬೇಕು’ ಎನ್ನುವುದಕ್ಕೂ ಯಾವ ಕಚೇರಿಯಲ್ಲಾದರೂ ವ್ಯತ್ಯಾಸವಿದೆ. ದೂರದಿಂದ ಬರುವವರು ಮುಂಚೆಯೇ ಗ್ರಂಥಾಲಯಕ್ಕೆ ಇಮೇಲ್ ಬರೆದು, ತಾವು ಬರುವ ದಿನದ ವೇಳೆ ಖಚಿತ ಮಾಡಿಕೊಳ್ಳಬೇಕು. ಇಲ್ಲಿ ವರ್ಷವನ್ನು ನಾಲ್ಕು ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿ ಇರುವುದರಿಂದ ಎರಡು ಕ್ವಾರ್ಟರ್‌ಗಳ ನಡುವಿನ ರಜೆಯಲ್ಲೂ ಬೇಸಿಗೆಯಲ್ಲೂ ತೆರೆಯುವ, ಮುಚ್ಚುವ ವೇಳೆ ಬದಲಾಗುತ್ತದೆ.

ಮಹಡಿಗಳ ಲೆಕ್ಕದಲ್ಲಿ ನಮ್ಮವರು ಮೊದಲು ಎಡವುವುದು ಅಂಕಿಯಲ್ಲೇ. ನಮ್ಮ ನೆಲಮಹಡಿ ಅಮೆರಿಕದಲ್ಲಿ ಒಂದನೇ ಮಹಡಿ. ರೆಗ್‌ನಲ್ಲಿ ನೆಲದಿಂದ ಮೇಲಕ್ಕೆ ಐದು ಮಹಡಿ, ನೆಲದ ಕೆಳಗೆ ಎರಡು. ಕೆಳಗಿನವಕ್ಕೆ ಅಂಕಿ ಇಲ್ಲ, ಎ ಮತ್ತು ಬಿ ಎಂಬ ಅಕ್ಷರಗಳಿವೆ. ರಾತ್ರಿಯಿಡೀ ಓದುವ ವಿದ್ಯಾರ್ಥಿಗಳು ಕ್ವಾರ್ಟರ್ ನಡೆಯುವಾಗ ಸೇರುವುದು ಎ ಮಟ್ಟದಲ್ಲಿ. ಬಿ ಮಟ್ಟದಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುವ, ಬೇಕಾದಾಗ ಸರಿಸಿ ದಾರಿ ಮಾಡಿಕೊಳ್ಳುವ ಕಪಾಟುಗಳಿವೆ. ಸರಿಸುವ ಮುನ್ನ ಆ ಸಾಲುಗಳ ನಡುವೆ ಯಾರಾದರೂ ಬಗ್ಗಿ ಪುಸ್ತಕ ನೋಡುತ್ತಿದ್ದಾರೆಯೇ ಎಂದು ಒಂದು ಸಲ ಇಣುಕಿ ನೋಡಲೇಬೇಕು. ಒಂದನೇ ಮಹಡಿಯಲ್ಲಿ ಪುಸ್ತಕ ಕೊಡುವ, ಪಡೆಯುವ ಕೌಂಟರ್, ಎಕ್ಸ್ ಲಿಬ್ರಿಸ್ ಎಂಬ ಕೆಫೆ, ವಿಶೇಷ ಸಂಗ್ರಹಗಳ ಕೇಂದ್ರ ಮತ್ತು ಪಕ್ಕದ ಮಾನ್ಸುಯೆಟೊ ಗ್ರಂಥಾಲಯಕ್ಕೆ ಹೋಗುವ ಸೇತುವೆ ಇವೆ. ಮಾನ್ಸುಯೆಟೊಗೆ ರಸ್ತೆಯಿಂದ ಬೇರೆ ಬಾಗಿಲಿಲ್ಲ. ಗಾಜಿನ ಗುಮ್ಮಟ ಹೊರಗಿನಿಂದ ಕಂಡಿತೆಂದು ಅದರ ಸುತ್ತ ಪ್ರದಕ್ಷಿಣೆ ಹಾಕಿದರೆ ಕಾಲು ನೋವಷ್ಟೇ ಲಾಭ.

ಮೇಲಿನ ಮಹಡಿಗಳು ನೋಡಲು ಒಂದೇ ಥರ. ಒಂದು ಕಡೆ ಓದುವ ಮೇಜುಗಳು, ಇನ್ನೊಂದು ಕಡೆ ಕಪಾಟಿನ ಸಾಲುಗಳು. ಕಪಾಟುಗಳ ನಡುವೆ ಹೊಕ್ಕ ಮೇಲೆ ಹೊರಗಿನ ಬೆಳಕು ಕಾಣಿಸುವುದಿಲ್ಲ, ದಿಕ್ಕು ತಪ್ಪುತ್ತದೆ. ಲಿಫ್ಟ್‌ನಿಂದ ಹೊರಬಂದ ಕೂಡಲೇ ಆ ಮಹಡಿಯ ನಕ್ಷೆಯ ಫೋಟೊ ತೆಗೆದುಕೊಳ್ಳಿ. ನೀವು ಹೊಕ್ಕ ಸಾಲಿನ ತುದಿಯಲ್ಲಿ ಅಂಟಿಸಿರುವ ಕಾಲ್ ನಂಬರ್ ಚೀಟಿಯ ಫೋಟೊವೂ ಇರಲಿ. ಮಧ್ಯಾಹ್ನ ಊಟ ಮುಗಿಸಿ ಅದೇ ಜಾಗಕ್ಕೆ ವಾಪಸ್ ಬರಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಕನ್ನಡದವರಿಗೆ ಬೇಕಾದದ್ದು ಐದನೇ ಮಹಡಿ. ದಕ್ಷಿಣ ಏಷ್ಯಾ ವಿಭಾಗ ಇರುವುದು ಅಲ್ಲಿ. ಕರ್ನಾಟಕದ ಗ್ರಂಥಾಲಯಗಳಲ್ಲಿ ಡ್ಯೂಯಿ ಪದ್ಧತಿಯ 894.814 ನೋಡಿ ಕನ್ನಡ ಸಾಹಿತ್ಯದ ಕಪಾಟಿಗೆ ಹೋಗುವ ರೂಢಿ ಇದ್ದವರು ಆ ಸಂಖ್ಯೆಯನ್ನು ಇಲ್ಲಿ ಮರೆತುಬಿಡಬೇಕು. ಇಲ್ಲಿರುವುದು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್‌ನ ವರ್ಗೀಕರಣ. ಅದರಲ್ಲಿ ದ್ರಾವಿಡ ಭಾಷೆಗಳೆಲ್ಲ ‘ಪಿಎಲ್’ ಎಂಬ ಎರಡು ಅಕ್ಷರಗಳ ಕೆಳಗೆ ಬರುತ್ತವೆ. ಪಿಎಲ್ 4641ರಿಂದ ಕನ್ನಡ ಭಾಷೆ, 4650ರಿಂದ ಸಾಹಿತ್ಯ, 4659ರಲ್ಲಿ ಒಬ್ಬೊಬ್ಬ ಲೇಖಕರ ಕೃತಿಗಳು. ಮುಂದೆ ನಡೆದರೆ 4711ರಿಂದ ಮಲಯಾಳಂ, 4751ರಿಂದ ತಮಿಳು, 4771ರಿಂದ ತೆಲುಗು. ಹೀಗಾಗಿ ಮಲಯಾಳಂ ಲಿಪಿ ಕಣ್ಣಿಗೆ ಬಿತ್ತೆಂದರೆ ಕನ್ನಡ ದಾಟಿ ಬಂದಿದ್ದೀರಿ, ಹಿಂದಕ್ಕೆ ಹೋಗಿ. ‘ಪಿಎಲ್’ ಅಕ್ಷರ ಮಾತ್ರ ನೋಡಿ ನಡೆಯಬಾರದು. ಚೀನೀ, ಜಪಾನೀ, ಕೊರಿಯನ್ ಸಾಹಿತ್ಯವೂ ಪಿಎಲ್‌ನಲ್ಲೇ ಬರುತ್ತದೆ. ಪೂರ್ವ ಏಷ್ಯಾ ಸಂಗ್ರಹವೂ ಇದೇ ಐದನೇ ಮಹಡಿಯಲ್ಲಿರುವುದರಿಂದ ಗೊಂದಲಕ್ಕೆ ಅವಕಾಶ ಹೆಚ್ಚು.

ಪಿಎಲ್ 4659ರ ಒಳಗೆ ಪುಸ್ತಕಗಳು ಕನ್ನಡ ವರ್ಣಮಾಲೆಯ ಕ್ರಮದಲ್ಲಿ ಇರುವುದಿಲ್ಲ. ಲೇಖಕರ ಹೆಸರನ್ನು ರೋಮನ್ ಲಿಪಿಗೆ ತಿರುಗಿಸಿದಾಗ ಬರುವ ಮೊದಲ ಅಕ್ಷರ, ಅದರ ಪಕ್ಕದಲ್ಲಿ ಒಂದು ಅಂಕಿ, ಇದೇ ಕ್ರಮ. ಬೇಂದ್ರೆ ‘ಬಿ’ ಸಾಲಿನಲ್ಲಿ. ‘ಶ’ದಿಂದ ಶುರುವಾಗುವ ಹೆಸರೂ ‘ಸ’ದಿಂದ ಶುರುವಾಗುವ ಹೆಸರೂ ‘ಎಸ್’ ಅಡಿಯಲ್ಲಿ ಬೆರೆತಿರುತ್ತವೆ. ಚುಕ್ಕಿಯ ನಂತರದ ಅಂಕಿ ದಶಮಾಂಶ. ‘.ಕೆ15’ ಎಂಬುದು ‘.ಕೆ8’ಕ್ಕಿಂತ ಮೊದಲು ಬರುತ್ತದೆ, ಯಾಕೆಂದರೆ 0.15 ಎನ್ನುವುದು 0.8ಕ್ಕಿಂತ ಚಿಕ್ಕದು. ಹದಿನೈದನ್ನು ಎಂಟರ ಮುಂದೆ ಹುಡುಕಿ, ಸಿಗದೆ, ಯಾರೋ ತೆಗೆದುಕೊಂಡು ಹೋಗಿರಬೇಕು ಎಂದು ಮರಳಿ ಹೋಗುವವರು ಬಹಳ. ಹಾಗೆ ಹೋಗುವ ಮೊದಲು ಎಡಗಡೆಯ ಕಪಾಟನ್ನೂ ನೋಡಿ.

ಕನ್ನಡ ನಾಡಿನ ಎಲ್ಲ ವಿಷಯವೂ ಪಿಎಲ್‌ನಲ್ಲಿಲ್ಲ ಎಂಬುದೂ ನೆನಪಿರಲಿ. ಭಾರತದ ಇತಿಹಾಸ ‘ಡಿಎಸ್’, ಧರ್ಮ ‘ಬಿಎಲ್’, ಸಂಸ್ಕೃತ ಸಾಹಿತ್ಯ ‘ಪಿಕೆ’, ಸಂಗೀತದ ಅಧ್ಯಯನ ‘ಎಂಎಲ್’. ಲಿಂಗಾಯತ ಧರ್ಮದ ಮೇಲಿನ ಅಧ್ಯಯನಗಳು ಸಾಮಾನ್ಯವಾಗಿ ಬಿಎಲ್‌ನಲ್ಲಿದ್ದರೆ ವಚನಗಳನ್ನು ಸಾಹಿತ್ಯವೆಂದು ನೋಡುವ ಪುಸ್ತಕಗಳು ಪಿಎಲ್‌ನಲ್ಲಿರುತ್ತವೆ. ಒಂದೇ ವಿಷಯಕ್ಕೆ ಎರಡು ಕಡೆ ಓಡಾಡಲು ಸಿದ್ಧರಾಗಿರಬೇಕು.

ಇನ್ನು ಕ್ಯಾಟಲಾಗ್. ಅರ್ಧ ದಿನವನ್ನೇ ನುಂಗಬಲ್ಲದ್ದು ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ದಾಖಲೆಗಳಲ್ಲಿ ಕನ್ನಡ ಲಿಪಿ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಅಮೆರಿಕನ್ ಗ್ರಂಥಾಲಯ ಸಂಘ ಸೇರಿ ಒಪ್ಪಿಕೊಂಡ ರೋಮನ್ ಲಿಪ್ಯಂತರದಲ್ಲೇ ಅವನ್ನು ನಮೂದಿಸಿದ್ದಾರೆ. ವಾಟ್ಸ್ಯಾಪ್‌ನಲ್ಲಿ ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಹಾಗೆ ಇಲ್ಲಿ ಬರೆದರೆ ಫಲಿತಾಂಶ ಸೊನ್ನೆ. ಅಕ್ಷರಗಳ ಮೇಲಿನ ಗೆರೆ, ಕೆಳಗಿನ ಚುಕ್ಕಿಗಳನ್ನು ಹುಡುಕುವಾಗ ಬಿಟ್ಟುಬಿಡಬಹುದು. ಮೂಲ ಅಕ್ಷರ ಮಾತ್ರ ಸರಿ ಇರಬೇಕು.

ಮೊದಲ ನಿಯಮ ‘ಎಚ್’ಗೆ ಸಂಬಂಧಿಸಿದ್ದು. ಈ ಪದ್ಧತಿಯಲ್ಲಿ ಎಚ್ ಬರುವುದು ಮಹಾಪ್ರಾಣಕ್ಕೆ ಮತ್ತು ಹಕಾರಕ್ಕೆ ಮಾತ್ರ. ‘ಗೀತ’ ಎಂಬುದನ್ನು ನಾವು ಟಿ-ಎಚ್ ಹಾಕಿ ಬರೆದು ರೂಢಿ, ಇಲ್ಲಿ ‘ತ’ ಎಂದರೆ ಬರೀ ಟಿ, ಟಿ-ಎಚ್ ಎಂದರೆ ‘ಥ’. ‘ಚ’ ಎಂದರೆ ಬರೀ ಸಿ, ಸಿ-ಎಚ್ ಎಂದರೆ ‘ಛ’. ‘ಶ’, ‘ಷ’ ಎರಡಕ್ಕೂ ಎಸ್ ಸಾಕು, ಎಚ್ ಬೇಡ. ‘ಶಾಸನ’ ಎಂಬ ಪದವನ್ನು ಹುಡುಕಬೇಕಾದರೆ ಎಸ್-ಎ-ಎಸ್-ಎ-ಎನ್-ಎ ಎಂದು ಒತ್ತಬೇಕು. ಎಸ್-ಎಚ್ ಹಾಕಿದರೆ ಕನ್ನಡದ ಶಾಸನ ಸಂಪುಟಗಳ ಬದಲು ಬೇರೆ ಏನೇನೋ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ.

ದೀರ್ಘ ಸ್ವರಕ್ಕೆ ಅಕ್ಷರ ಜೋಡಿಸಬಾರದು. ‘ಈ’ ಎಂದರೆ ಎರಡು ‘ಇ’ ಅಲ್ಲ, ಮೇಲೆ ಗೆರೆಯಿರುವ ಒಂದು ‘ಐ’. ‘ಊ’ ಎಂದರೆ ಎರಡು ‘ಒ’ ಅಲ್ಲ, ಒಂದು ‘ಯು’. ‘ಜಾನಪದ ಗೀತೆಗಳು’ ಎಂಬುದು ಜೆ-ಎ-ಎನ್-ಎ-ಪಿ-ಎ-ಡಿ-ಎ, ಆಮೇಲೆ ಜಿ-ಐ-ಟಿ-ಇ-ಜಿ-ಎ-ಎಲ್-ಯು. ‘ಋ’ ಸ್ವರಕ್ಕೆ ಕೆಳಗೆ ಸೊನ್ನೆಯಿರುವ ಆರ್ ಒಂದೇ, ಪಕ್ಕದಲ್ಲಿ ಐ ಆಗಲಿ ಯು ಆಗಲಿ ಬರುವುದಿಲ್ಲ. ಹಾಗಾಗಿ ‘ಕೃಷ್ಣ’ ಎಂದರೆ ಕೆ-ಆರ್-ಎಸ್-ಎನ್-ಎ. ನೋಡಲು ವಿಚಿತ್ರ ಅನ್ನಿಸಿದರೂ ಹುಡುಕಿದರೆ ಸಿಗುತ್ತದೆ. ‘ಜ್ಞ’ ಎಂದರೆ ಜೆ-ಎನ್, ಜಿ-ಎನ್ ಅಲ್ಲ. ಅನುಸ್ವಾರ ಮುಂದಿನ ಅಕ್ಷರವನ್ನು ಅನುಸರಿಸುತ್ತದೆ. ‘ಸಂಪುಟ’ದಲ್ಲಿ ಎಂ, ‘ಗ್ರಂಥ’ದಲ್ಲಿ ಎನ್. ಪ್ರಕಟಣೆಯ ಊರೂ ಇದೇ ರೀತಿ. ಕನ್ನಡ ಪುಸ್ತಕದ ದಾಖಲೆಯಲ್ಲಿ ಮೈಸೂರು ಎಂಬುದು ಎಂ-ಎ-ಐ-ಎಸ್-ಯು-ಆರ್-ಯು ಎಂದಿರುತ್ತದೆ, ಇಂಗ್ಲಿಷ್ ಪುಸ್ತಕದಲ್ಲಿ ಹಳೆಯ ಇಂಗ್ಲಿಷ್ ಸ್ಪೆಲಿಂಗ್.

ಇಷ್ಟೆಲ್ಲ ಸರಿಯಾಗಿ ಒತ್ತಿದರೂ ಪುಸ್ತಕ ಸಿಗದಿದ್ದರೆ ಸಾಮಾನ್ಯವಾಗಿ ತೊಡಕಿರುವುದು ಸಂಧಿ ಸಮಾಸದಲ್ಲಿ. ಶೀರ್ಷಿಕೆಯಲ್ಲಿ ಎರಡು ಪದ ಕೂಡಿ ಅಚ್ಚಾಗಿದ್ದರೆ ದಾಖಲೆಯಲ್ಲೂ ಕೂಡಿಯೇ ಇರಬಹುದು. ಒಮ್ಮೆ ಬಿಡಿಸಿ, ಒಮ್ಮೆ ಕೂಡಿಸಿ ನೋಡಿ. ಲೇಖಕರ ಹೆಸರಿಗೆ ಬೇರೆ ನಿಯಮ. ಇಂಗ್ಲಿಷಿನಲ್ಲೂ ಹೆಸರಾದ ಲೇಖಕರಾದರೆ ಅವರ ಹೆಸರು ಇಂಗ್ಲಿಷ್ ರೂಢಿಯ ಸ್ಪೆಲಿಂಗ್‌ನಲ್ಲೇ ಇರಬಹುದು, ಉಳಿದವರದು ಲಿಪ್ಯಂತರದಲ್ಲಿ. ಅಡ್ಡಹೆಸರಿನ ಮುಂದಿನ ಅಕ್ಷರಗಳೂ ಅಷ್ಟೇ: ಕನ್ನಡದಲ್ಲಿ ‘ದ. ರಾ.’ ಎಂದಿದ್ದರೆ ಲಿಪ್ಯಂತರದಲ್ಲಿ ಡಿ-ಎ, ಆರ್-ಎ. ಆದ್ದರಿಂದ ಲೇಖಕರಿಗಿಂತ ಶೀರ್ಷಿಕೆಯಿಂದ ಹುಡುಕುವುದು ಮೇಲು. ಒಂದು ಪುಸ್ತಕ ಸಿಕ್ಕಿತೆಂದರೆ ಅದರ ದಾಖಲೆಯಲ್ಲಿರುವ ಲೇಖಕರ ಹೆಸರಿನ ಮೇಲೆ ಕ್ಲಿಕ್ ಮಾಡಿ, ಅವರ ಉಳಿದ ಪುಸ್ತಕಗಳು ತಾವಾಗಿ ಬರುತ್ತವೆ. ವಿಷಯದಿಂದ ಹುಡುಕುವವರಿಗೆ ಇಂಗ್ಲಿಷ್ ವಿಷಯಶೀರ್ಷಿಕೆಗಳೇ ಗತಿ. ಶಾಸನಗಳಿಗೆ ‘ಇನ್‌ಸ್ಕ್ರಿಪ್ಷನ್ಸ್, ಕನ್ನಡ’ ಎಂದು ಅಲ್ಪವಿರಾಮ ಹಾಕಿ ತಿರುಗುಮುರುಗಾಗಿ ಇರುತ್ತದೆ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಪುಸ್ತಕಗಳ ಶೀರ್ಷಿಕೆಯಲ್ಲಿ ನಮ್ಮ ಭಾಷೆ ‘ಕೆನರೀಸ್’ ಆಗಿದೆ, ಅದೂ ಸಿ ಮತ್ತು ಕೆ ಎರಡು ಸ್ಪೆಲಿಂಗ್‌ಗಳಲ್ಲಿ.

ದಾಖಲೆ ಸಿಕ್ಕಿದ ಮೇಲೆ ಕಾಲ್ ನಂಬರಿಗಿಂತ ಮೊದಲು ಸ್ಥಳದ ಸಾಲನ್ನು ಓದಬೇಕು. ಅಲ್ಲಿ ‘ಮಾನ್ಸುಯೆಟೊ’ ಎಂದಿದ್ದರೆ ಐದನೇ ಮಹಡಿಗೆ ಹೋಗಿ ಪ್ರಯೋಜನವಿಲ್ಲ. ಹೆಲ್ಮಟ್ ಯಾನ್ ವಿನ್ಯಾಸದ ಈ ಗ್ರಂಥಾಲಯ 2011ರಲ್ಲಿ ತೆರೆಯಿತು. ಮೇಲೆ 240 ಅಡಿ ಉದ್ದ, 120 ಅಡಿ ಅಗಲದ ಅಂಡಾಕಾರದ ಗಾಜಿನ ಗುಮ್ಮಟ, ಅದರಡಿ ಓದುವ ಕೋಣೆ. ಕೆಳಗೆ 50 ಅಡಿ ಆಳದಲ್ಲಿ 35 ಲಕ್ಷ ಸಂಪುಟ ಹಿಡಿಯುವ ಉಗ್ರಾಣ. ಬೇರೆ ವಿಶ್ವವಿದ್ಯಾಲಯಗಳು ಜಾಗ ಸಾಲದೆ ಪುಸ್ತಕಗಳನ್ನು ಊರಾಚೆಯ ಗೋದಾಮಿಗೆ ಸಾಗಿಸುತ್ತಿದ್ದಾಗ ಶಿಕಾಗೊ ಅವನ್ನು ಕ್ಯಾಂಪಸ್ಸಿನಲ್ಲೇ ಇಟ್ಟುಕೊಂಡಿತು. ಓದುಗರ ಪರವಾಗಿ ತೆಗೆದುಕೊಂಡ ಇಷ್ಟು ಒಳ್ಳೆಯ ನಿರ್ಧಾರ ಅಪರೂಪ. ಕೆಳಗೆ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಿಲ್ಲ, ಗಾತ್ರದ ಪ್ರಕಾರ ಪೆಟ್ಟಿಗೆಗಳಲ್ಲಿ ತುಂಬಿದ್ದಾರೆ. ಇದರಿಂದ ಮಾಮೂಲಿ ಕಪಾಟಿಗೆ ಬೇಕಾಗುವ ಜಾಗದ ಏಳನೇ ಒಂದು ಭಾಗ ಸಾಕಾಗುತ್ತದೆ. ಬಾರ್‌ಕೋಡ್ ನೋಡಿ ಯಂತ್ರದ ಕ್ರೇನ್ ಸರಿಯಾದ ಪೆಟ್ಟಿಗೆಯನ್ನು ಮೇಲಕ್ಕೆ ತರುತ್ತದೆ, ಸಿಬ್ಬಂದಿ ಅದರಿಂದ ನಿಮ್ಮ ಪುಸ್ತಕ ತೆಗೆದುಕೊಡುತ್ತಾರೆ. ಕೋರಿಕೆಯ ಬಟನ್ ಒತ್ತಿದ ಕೆಲವೇ ನಿಮಿಷಗಳಲ್ಲಿ ಪುಸ್ತಕ ಮೇಜಿನ ಮೇಲೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಪತ್ರಿಕೆಗಳ ರಟ್ಟುಕಟ್ಟಿದ ಸಂಪುಟ ಅಥವಾ ಬಹುಸಂಪುಟದ ಕೃತಿ ಬೇಕಿದ್ದರೆ ಯಾವ ಸಂಪುಟ ಎಂದು ಗುರುತಿಸಿಯೇ ಕೋರಬೇಕು. ಬರೀ ಹೆಸರು ಕೊಟ್ಟರೆ ಬೇಡದ್ದು ಬಂದು ಕೂರುತ್ತದೆ. ಇನ್ನೊಂದು, ಮಾನ್ಸುಯೆಟೊದಲ್ಲಿ ಕಪಾಟಿನ ಮುಂದೆ ನಿಂತು ಪಕ್ಕದ ಪುಸ್ತಕ ನೋಡುವ ಅವಕಾಶವೇ ಇಲ್ಲ. ಐದನೇ ಮಹಡಿಯಲ್ಲಿ ಕಣ್ಣಿಗೆ ಕಂಡದ್ದಷ್ಟೇ ಕನ್ನಡ ಸಂಗ್ರಹ ಎಂದುಕೊಂಡರೆ ನೆಲದಡಿ ಇರುವುದು ತಪ್ಪಿಹೋಗುತ್ತದೆ. ಕ್ಯಾಟಲಾಗ್‌ನಲ್ಲಿ ಕಾಲ್ ನಂಬರ್ ಕ್ರಮದಲ್ಲಿ ಪಿಎಲ್ 4659ರ ಪಟ್ಟಿಯನ್ನು ಒಮ್ಮೆ ಉದ್ದಕ್ಕೂ ನೋಡಿಕೊಂಡರೆ ಎರಡೂ ಸೇರಿ ಕಾಣಿಸುತ್ತವೆ.

ಇಷ್ಟೊಂದು ಕನ್ನಡ ಪುಸ್ತಕ ಅಲ್ಲಿಗೆ ಹೇಗೆ ಹೋಯಿತು ಎಂಬುದಕ್ಕೂ ಅವುಗಳ ಇಂದಿನ ಸ್ಥಿತಿಗೂ ಸಂಬಂಧವಿದೆ. ಅಮೆರಿಕದ 1954ರ ಪಿಎಲ್-480 ಕಾಯ್ದೆಯಡಿ ಭಾರತ ಕೊಂಡ ಗೋಧಿಯ ಹಣ ರೂಪಾಯಿಯಲ್ಲೇ ಭಾರತದಲ್ಲಿ ಉಳಿಯುತ್ತಿತ್ತು. ಅದರ ಒಂದು ಪಾಲಿನಿಂದ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸತೊಡಗಿದರು. ಈಗ ಆ ಕೆಲಸ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿಯ ಮೂಲಕ, ಗ್ರಂಥಾಲಯಗಳದೇ ಹಣದಲ್ಲಿ ನಡೆಯುತ್ತದೆ. ಕಾಯ್ದೆಯ ಹೆಸರಿನ ಪಿಎಲ್‌ಗೂ ಕಾಲ್ ನಂಬರಿನ ಪಿಎಲ್‌ಗೂ ಸಂಬಂಧವಿಲ್ಲ. ಆ ಕಾಲದ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು. ಅಂಚು ಕಂದಾಗಿ, ಮಡಿಸಿದ ಕಡೆ ಪುಡಿಯಾಗುತ್ತದೆ. ಇಂಥ ಪುಸ್ತಕವನ್ನು ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಹಾಕಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಅರ್ಧ ತೆರೆದು, ಎರಡೂ ರಟ್ಟಿನ ಕೆಳಗೆ ಆಸರೆ ಕೊಟ್ಟು, ಫೋನಿನಲ್ಲಿ ಮೇಲಿನಿಂದ ಫೋಟೊ ತೆಗೆಯಿರಿ. ಹಾಳೆ ಕಳಚಿ ಬಂದರೆ ಅಂಟು ಹಚ್ಚದೆ, ಟೇಪ್ ಅಂಟಿಸದೆ, ಹಾಗೆಯೇ ಕೌಂಟರಿಗೆ ಕೊಡಿ. ಪುಸ್ತಕ ದುರಸ್ತಿಯ ಪ್ರಯೋಗಾಲಯ ಮಾನ್ಸುಯೆಟೊದಲ್ಲೇ ಇದೆ.

ಒಂದನೇ ಮಹಡಿಯ ಹ್ಯಾನಾ ಹೋಲ್‌ಬರ್ನ್ ಗ್ರೇ ವಿಶೇಷ ಸಂಗ್ರಹಗಳ ಕೇಂದ್ರದಲ್ಲಿ ಎ. ಕೆ. ರಾಮಾನುಜನ್ ಅವರ ಕಾಗದಪತ್ರಗಳಿವೆ. ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಅವರು ಮೂರು ದಶಕ ಇದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ 1993ರಲ್ಲಿ ಇಲ್ಲೇ ತೀರಿಕೊಂಡರು. ಈ ಕೇಂದ್ರದಲ್ಲಿ ಕಪಾಟಿಗೆ ಯಾರನ್ನೂ ಬಿಡುವುದಿಲ್ಲ. ಮೊದಲು ಆನ್‌ಲೈನ್‌ನಲ್ಲಿ ಸಂಗ್ರಹದ ವಿವರಪಟ್ಟಿ ಓದಿ, ಯಾವ ಪೆಟ್ಟಿಗೆ, ಯಾವ ಫೈಲು ಎಂದು ಗುರುತು ಮಾಡಿಕೊಂಡು, ಹೆಸರು ನೋಂದಾಯಿಸಿ, ಮುಂಚಿತವಾಗಿ ಕೋರಬೇಕು. ಚೀಲ ಲಾಕರ್‌ನಲ್ಲಿ, ಪೆನ್ನು ಬೇಡ, ಪೆನ್ಸಿಲ್ ಸಾಕು. ಫೋಟೊ ತೆಗೆಯಲು ಸಿಗುವ ಅನುಮತಿ ನಿಮ್ಮ ಓದಿಗೆ ಮಾತ್ರ, ಅಚ್ಚು ಹಾಕಿಸಲು ಬೇರೆ ಅನುಮತಿ ಬೇಕು.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಇರುವ ಸೇವೆಗಳು ಇನ್ನೂ ಚೆನ್ನಾಗಿವೆ. ಇಲ್ಲಿಲ್ಲದ ಕನ್ನಡ ಪುಸ್ತಕವನ್ನು ಯುಬಾರೊ ಮೂಲಕ ವಿಸ್ಕಾನ್ಸಿನ್, ಮಿಷಿಗನ್, ಮಿನೆಸೊಟಾ ವಿಶ್ವವಿದ್ಯಾಲಯಗಳಿಂದಲೂ, ಬಾರೊ ಡೈರೆಕ್ಟ್ ಮೂಲಕ ಪೂರ್ವತೀರದ ದೊಡ್ಡ ಗ್ರಂಥಾಲಯಗಳಿಂದಲೂ ತರಿಸಿಕೊಳ್ಳಬಹುದು. ಒಂದು ಲೇಖನ ಅಥವಾ ಅಧ್ಯಾಯ ಮಾತ್ರ ಬೇಕಿದ್ದರೆ ಸ್ಕ್ಯಾನ್ ಮಾಡಿ ಕಳಿಸುವ ವ್ಯವಸ್ಥೆ ಇದೆ. ದಕ್ಷಿಣ ಏಷ್ಯಾ ವಿಭಾಗದ ಗ್ರಂಥಪಾಲಕರ ಭೇಟಿಗೆ ಮುಂಚೆ ಸಮಯ ಕೇಳಿಕೊಂಡು ಹೋದರೆ ಕ್ಯಾಟಲಾಗ್ ಕಲಿಸದ ಎಷ್ಟೋ ದಾರಿ ತಿಳಿಯುತ್ತದೆ. ಹೊರಗಿನವರಿಗೆ ಸಾಮಾನ್ಯವಾಗಿ ಎರವಲು ಇಲ್ಲ. ಆದರೆ ಧಾರವಾಡದಲ್ಲಿ ಕೂತವರಿಗೂ ಸಿಗುವ ಸೇವೆ ಒಂದಿದೆ: ಇದೇ ವಿಶ್ವವಿದ್ಯಾಲಯ ನಡೆಸುವ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿ. ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶ ಅಲ್ಲಿ ಉಚಿತವಾಗಿದೆ, ಕನ್ನಡ ಪದವೊಂದನ್ನು ಕೊಟ್ಟರೆ ತಮಿಳು, ತುಳು, ಕೊಡವದ ಸಂಬಂಧಿ ಪದಗಳು ಒಟ್ಟಿಗೆ ಸಿಗುತ್ತವೆ.

ದೂರುವುದಾದರೆ ಮೂರು ಮಾತು. ಕಪಾಟಿನ ಸಾಲುಗಳಲ್ಲಿ ದಿಕ್ಕು ತೋರಿಸುವ ಫಲಕಗಳು ಕಡಿಮೆ. ಹಳೆಯ ಕನ್ನಡ ದಾಖಲೆಗಳಿಗೆ ಕನ್ನಡ ಲಿಪಿ ಸೇರಿಸುವ ಕೆಲಸ ಆಗಲೇಬೇಕು. ಈ ಭಾಷೆಯನ್ನು ಓದುವವರಿಗೇ ಅದರ ಪುಸ್ತಕ ಹುಡುಕಲು ಬಾರದಂತಿರುವುದು ಸರಿಯಲ್ಲ. ಲಿಪ್ಯಂತರದ ನಿಯಮಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಐದನೇ ಮಹಡಿಯ ಕಂಪ್ಯೂಟರ್ ಪಕ್ಕದಲ್ಲಿಟ್ಟರೆ ಸದ್ಯಕ್ಕೆ ಅರ್ಧ ತೊಂದರೆ ಕಳೆಯುತ್ತದೆ.

ಒಂದೇ ದಿನ ಕೈಯಲ್ಲಿರುವವರು ಕ್ಯಾಟಲಾಗ್ ಕೆಲಸವನ್ನೆಲ್ಲ ಮನೆಯಲ್ಲೇ ಮುಗಿಸಿ, ಪಟ್ಟಿಯನ್ನು ಐದನೇ ಮಹಡಿ, ಮಾನ್ಸುಯೆಟೊ, ವಿಶೇಷ ಸಂಗ್ರಹ ಎಂದು ಮೂರು ಭಾಗ ಮಾಡಿಕೊಂಡು ಬರಬೇಕು. ವಿಶೇಷ ಸಂಗ್ರಹದ ಓದುಕೋಣೆ ಕಟ್ಟಡಕ್ಕಿಂತ ಬಹಳ ಮುಂಚೆ ಬಾಗಿಲು ಹಾಕುವುದರಿಂದ ಬೆಳಿಗ್ಗೆ ಮೊದಲು ಅಲ್ಲಿಗೆ, ಊಟದ ಹೊತ್ತಿಗೆ ಮಾನ್ಸುಯೆಟೊ ಕೋರಿಕೆಗಳು, ಆಮೇಲೆ ಕತ್ತಲಾಗುವವರೆಗೂ ಐದನೇ ಮಹಡಿ.